ಸೆನ್ಸರ್, ಸರ್ಕ್ಯೂಟ್, ಸಂವಹನ ಸಂಶೋಧನೆಗೆ ಅನುದಾನ: ದಾವಣಗೆರೆ–ಚಿತ್ರದುರ್ಗದ ಅಧ್ಯಾಪಕರಿಗೆ ಹೆಜ್ಜೆ ಹೆಜ್ಜೆಯ ಮಾರ್ಗದರ್ಶಿ

2023ರ ಏಪ್ರಿಲ್ 2ರಂದು ಚಳ್ಳಕೆರೆ ತಾಲ್ಲೂಕಿನ ಬಯಲಲ್ಲಿ ಇಸ್ರೋ ತನ್ನ ಮರುಬಳಕೆಯ ರಾಕೆಟ್ ವಿಮಾನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನಾಗಿಯೇ ದಾರಿ ಹುಡುಕಿಕೊಂಡು ಡಿಆರ್‌ಡಿಒ ಪರೀಕ್ಷಾ ನೆಲೆಯ ರನ್‌ವೇ ಮೇಲೆ ಇಳಿಯಿತು. ಆ ಪ್ರಯೋಗಕ್ಕೆಂದು ಎತ್ತರ ಅಳೆಯುವ ಕೆಎ-ಬ್ಯಾಂಡ್ ರೇಡಾರ್ ಆಲ್ಟಿಮೀಟರ್, ಭಾರತದ್ದೇ ಉಪಗ್ರಹ ದಾರಿಸೂಚಿ ನಾವಿಕ್‌ನ ರಿಸೀವರ್, ನೆಲದಿಂದಲೇ ಉಪಗ್ರಹದಂತೆ ಸಂಕೇತ ಕೊಡುವ ಸ್ಯೂಡೋಲೈಟ್ ವ್ಯವಸ್ಥೆಗಳೆಲ್ಲ ತಯಾರಾಗಿದ್ದವು. ಸಂವಹನ, ಸರ್ಕ್ಯೂಟ್, ಸೆನ್ಸರ್ ಮೂರೂ ಒಂದೇ ಯಂತ್ರದಲ್ಲಿ, ಅದೂ ನಮ್ಮ ಜಿಲ್ಲೆಯಲ್ಲೇ. ಅದೇ ಹೊತ್ತಿಗೆ ಅಲ್ಲಿಂದ ಎರಡು ತಾಸಿನ ದಾರಿಯಲ್ಲಿರುವ ನಮ್ಮ ಕಾಲೇಜುಗಳ ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್) ವಿಭಾಗದವರು ‘ಸಂಶೋಧನೆಗೆ ದುಡ್ಡೆಲ್ಲ ಬೆಂಗಳೂರಿಗೇ ಹೋಗುತ್ತೆ ಬಿಡ್ರೀ ಸರ್’ ಎನ್ನುತ್ತಾ ಕೂತಿರುತ್ತೇವೆ.

ಆ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಆದರೆ ನಮ್ಮ ಕಡೆಯಿಂದ ಹೋಗುವ ಪ್ರಪೋಸಲ್‌ಗಳೂ ಅದಕ್ಕೆ ಅಷ್ಟಿಷ್ಟು ಕಾರಣ. ಯುಬಿಡಿಟಿ, ಬಾಪೂಜಿ, ಜಿಎಂ, ಚಿತ್ರದುರ್ಗದ ಎಸ್‌ಜೆಎಂ, ಎಲ್ಲೇ ಪಾಠ ಮಾಡುತ್ತಿರಲಿ, ಪಿಎಚ್‌ಡಿ ಮುಗಿಸಿ ಮೊದಲ ಅನುದಾನಕ್ಕೆ ಕೈ ಹಾಕುತ್ತಿರುವವರಿಗಾಗಿ ಈ ಬರಹ. ಯೋಜನೆಗಳ ಕೊನೆಯ ದಿನಾಂಕ, ಮಿತಿಗಳು ಕರೆಯಿಂದ ಕರೆಗೆ ಬದಲಾಗುತ್ತವೆ; ಅವನ್ನು ಆಯಾ ಪೋರ್ಟಲ್‌ನಲ್ಲೇ ನೋಡಿಕೊಳ್ಳಿ. ಬದಲಾಗದ ಭಾಗವನ್ನು ಇಲ್ಲಿ ಬಿಡಿಸಿ ಹೇಳಿದ್ದೇನೆ.

ಹೆಜ್ಜೆ 1: ಸಾಧನದಿಂದ ಶುರು ಮಾಡಬೇಡಿ

‘ಐಒಟಿ ಆಧಾರಿತ ಸ್ಮಾರ್ಟ್ ನೀರಿನ ಗುಣಮಟ್ಟ ನಿಗಾ ವ್ಯವಸ್ಥೆ.’ ಈ ತಲೆಬರಹದ ಪ್ರಪೋಸಲ್ ಯಾವ ಸಮಿತಿಯ ಮುಂದೆ ಬಂದರೂ ಸದಸ್ಯರು ಮೊದಲ ಪುಟದಲ್ಲೇ ಆಕಳಿಸುತ್ತಾರೆ. ಮಾರುಕಟ್ಟೆಯಲ್ಲಿ ಸಿಗುವ ಸೆನ್ಸರ್, ಮಾರುಕಟ್ಟೆಯಲ್ಲಿ ಸಿಗುವ ಬೋರ್ಡು, ಮೊಬೈಲಿನಲ್ಲೊಂದು ಆ್ಯಪ್. ಇದರಲ್ಲಿ ಗೊತ್ತಿಲ್ಲದ್ದು ಏನಿದೆ? ಏನೂ ಇಲ್ಲದಿದ್ದರೆ ಅದು ಕೊನೆಯ ವರ್ಷದ ಪ್ರಾಜೆಕ್ಟ್. ಸಂಶೋಧನಾ ಅನುದಾನ ಅದಕ್ಕಲ್ಲ.

ಅದೇ ನೀರನ್ನೇ ಹಿಡಿದು ಸ್ವಲ್ಪ ಆಳಕ್ಕೆ ಇಳಿಯೋಣ. ಚಿತ್ರದುರ್ಗದ ಹಲವು ಹಳ್ಳಿಗಳಲ್ಲಿ, ಜಗಳೂರಿನ ಕಡೆಯೂ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಬಹುದಾದ ಮಟ್ಟ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಊರೂರಿಗೆ ಶುದ್ಧ ನೀರಿನ ಘಟಕ ಬಂದಿದೆ, ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನ್ ತುಂಬಿಸಿಕೊಂಡು ಬರುತ್ತಾರೆ. ಒಳಗಿನ ಮೆಂಬ್ರೇನ್ ಸೋತಾಗ ನೀರಿನ ರುಚಿಯಲ್ಲಿ ಫ್ಲೋರೈಡ್ ತಿಳಿಯುವುದಿಲ್ಲ. ಯಾರಾದರೂ ಮಾದರಿ ತೆಗೆದು ಲ್ಯಾಬಿಗೆ ಕಳಿಸಿದರಷ್ಟೇ ಗೊತ್ತಾಗುತ್ತದೆ.

ಫ್ಲೋರೈಡ್ ಅಳೆಯಲು ಲ್ಯಾಂಥನಮ್ ಫ್ಲೋರೈಡ್ ಹರಳಿನ ಎಲೆಕ್ಟ್ರೋಡ್ ಇದೆ. ಹಳೆಯದು, ಚೆನ್ನಾಗಿ ಕೆಲಸ ಮಾಡುವಂಥದ್ದು. 25 ಡಿಗ್ರಿಯಲ್ಲಿ ಫ್ಲೋರೈಡ್ ಪ್ರಮಾಣ ಹತ್ತು ಪಟ್ಟಾದರೆ ಅದರ ವೋಲ್ಟೇಜ್ ಸುಮಾರು 59 ಮಿಲಿವೋಲ್ಟ್ ಬದಲಾಗುತ್ತದೆ. ಈಗ ಲೆಕ್ಕ ಹಾಕಿ. ಒಳ್ಳೆಯ ನೀರಿನ 1.0ಕ್ಕೂ ಕೆಟ್ಟ ನೀರಿನ 1.5ಕ್ಕೂ ನಡುವೆ ಇರುವುದು ಬರೀ 10.4 ಮಿಲಿವೋಲ್ಟ್. ಒಂದು ಮಿಲಿವೋಲ್ಟ್ ಆಚೀಚೆಯಾದರೆ ಉತ್ತರದಲ್ಲಿ ಶೇ 4ರಷ್ಟು ತಪ್ಪು. ಲ್ಯಾಬಿನಲ್ಲಿ ದಿನಾ ಬೆಳಿಗ್ಗೆ ಕ್ಯಾಲಿಬ್ರೇಟ್ ಮಾಡಿ, ಪಿಎಚ್ ಹಿಡಿದಿಡುವ ಬಫರ್ ದ್ರಾವಣ ಬೆರೆಸಿ ಅಳೆಯುತ್ತಾರೆ, ಸರಿಹೋಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾಯುವ ತಗಡಿನ ಶೆಡ್ಡಿನೊಳಗೆ, ಯಾರೂ ಮುಟ್ಟದೆ ಮೂರು ತಿಂಗಳು ಕೂತ ಎಲೆಕ್ಟ್ರೋಡಿನ ಓದು ತಾನಾಗಿಯೇ ಜಾರುತ್ತದೆ. ತಾಪ ಏರಿದರೆ ಹತ್ತು ಪಟ್ಟಿಗೆ ಇಷ್ಟು ಮಿಲಿವೋಲ್ಟ್ ಎಂಬ ಇಳಿಜಾರೂ ಬದಲಾಗುತ್ತದೆ.

ಆಗ ಹುಟ್ಟುವ ಪ್ರಶ್ನೆ: ದೂರದ ಹಳ್ಳಿಯಿಂದ ಬಂದ ಅಂಕಿ ಏರಿದೆ; ಕೆಟ್ಟಿರುವುದು ನೀರೋ ಸೆನ್ಸರೋ?

ಇದಕ್ಕೆ ಯಾವ ಅಂಗಡಿಯಲ್ಲೂ ಉತ್ತರ ಸಿಗುವುದಿಲ್ಲ. ಇಂಥ ಪ್ರಶ್ನೆಗೆ ಸಮಿತಿ ಹಣ ಕೊಡುತ್ತದೆ. ಮೇಲಾಗಿ ಇದು ನಿಮ್ಮ ಕೈಗೆ ಸಿಗುವ ಪ್ರಶ್ನೆ: ದಾವಣಗೆರೆಯಲ್ಲಿರುವವರು ತಿಂಗಳಿಗೆರಡು ಸಲ ಜಗಳೂರಿಗೆ ಹೋಗಿ ಮಾದರಿ ತರಬಹುದು. ದೊಡ್ಡ ಸಂಸ್ಥೆಯ ದೊಡ್ಡ ಲ್ಯಾಬಿನವರಿಗೆ ಅದು ಆಗದ ಮಾತು. ನಿಮ್ಮ ಪ್ರಪೋಸಲ್‌ನ ಬಲ ಉಪಕರಣದಲ್ಲಿಲ್ಲ, ಜಾಗದಲ್ಲಿದೆ.

ಫ್ಲೋರೈಡೇ ಆಗಬೇಕೆಂದಿಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ಅಗ್ಗದ ಗ್ಯಾಸ್ ಸೆನ್ಸರ್ ಎಷ್ಟು ದಿನ ನಂಬಿಕಸ್ಥವಾಗಿ ಓದುತ್ತದೆ? ಮೆಕ್ಕೆಜೋಳದ ರಾಶಿಯ ನಡುವಿನ ತೇವವನ್ನು ರಾಶಿ ಕೆದಕದೆ ರೇಡಿಯೋ ತರಂಗದಿಂದ ಅಳೆಯಬಹುದೇ? ಚನ್ನಗಿರಿಯ ಅಡಿಕೆ ತೋಟದಲ್ಲಿ ಮಳೆ ನಿಂತ ಮೇಲೆ ಒದ್ದೆ ಎಲೆಗಳ ನಡುವೆ ಸಂಕೇತ ಎಷ್ಟು ಕುಂದುತ್ತದೆ? ಚಿತ್ರದುರ್ಗದ ಬೆಟ್ಟಗಳ ಮೇಲೆ ತಿರುಗುವ ಗಾಳಿಯಂತ್ರದ ಗೇರ್‌ಬಾಕ್ಸ್ ಕಂಪನವನ್ನು ಬ್ಯಾಟರಿಯೇ ಇಲ್ಲದೆ, ಅದೇ ಕಂಪನದ ಶಕ್ತಿಯಿಂದ ಅಳೆದು ಕಳಿಸಲಾಗುತ್ತದೆಯೇ? ಒಂದೊಂದರಲ್ಲೂ ‘ಗೊತ್ತಿಲ್ಲ’ ಎನ್ನುವುದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಲು ಬಂದರೆ ಅರ್ಧ ಪ್ರಪೋಸಲ್ ಆದಂತೆ.

ಹೆಜ್ಜೆ 2: ಪ್ರಶ್ನೆಯನ್ನು ಮೂರು ಪದರಗಳಲ್ಲಿ ಬರೆಯಿರಿ

ಸಂವಹನ, ಸರ್ಕ್ಯೂಟ್, ಸೆನ್ಸರ್ ಮೂರನ್ನೂ ಒಂದೇ ಚೌಕಟ್ಟಿನಲ್ಲಿ ನೋಡುವ ಕಾರ್ಯಕ್ರಮವೊಂದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್‌ನಲ್ಲಿದೆ. ಸಿಸಿಎಸ್‌ಎಸ್ ಎಂದು ಅದರ ಚಿಕ್ಕ ಹೆಸರು. ಅದಕ್ಕೆ ದಾವಣಗೆರೆಯಿಂದ ನೇರವಾಗಿ ಅರ್ಜಿ ಹಾಕಲಾಗುವುದಿಲ್ಲ, ಅದು ಅಲ್ಲಿನ ಸಂಸ್ಥೆಗಳಿಗೆ. ಆದರೂ ಅದರಿಂದ ಒಂದು ಉಪಯೋಗವಿದೆ. ಹಣ ಪಡೆದ ಪ್ರತಿ ಯೋಜನೆಯ ಸಾರಾಂಶ ಎನ್‌ಎಸ್‌ಎಫ್‌ನ ಅವಾರ್ಡ್ ಸರ್ಚ್‌ನಲ್ಲಿ ಯಾರು ಬೇಕಾದರೂ ಓದುವಂತೆ ಇದೆ. ನಿಮ್ಮ ವಿಷಯದ ಹತ್ತಿಪ್ಪತ್ತು ಸಾರಾಂಶ ಓದಿ. ಮೊದಲ ಪ್ಯಾರಾದಲ್ಲೇ ಯಾವ ಅಡಚಣೆ, ಅದು ಏಕೆ ಇನ್ನೂ ಬಗೆಹರಿದಿಲ್ಲ, ಇವರ ಹೊಸ ನೋಟ ಏನು ಎಂದು ಹೇಗೆ ಹೇಳಿಬಿಡುತ್ತಾರೆ ನೋಡಿ. ಅಲ್ಲಿ ವಿಮರ್ಶಕರು ಎರಡೇ ಅಳತೆಗೋಲು ಹಿಡಿಯುತ್ತಾರೆ: ಜ್ಞಾನಕ್ಕೆ ಏನು ಸೇರುತ್ತದೆ, ಸಮಾಜಕ್ಕೆ ಏನು ಸಿಗುತ್ತದೆ. ನಮ್ಮ ಸಮಿತಿಗಳ ನಮೂನೆ ಬೇರೆ, ಓದುವವರ ಮನಸ್ಸಿನಲ್ಲಿ ಏಳುವ ಪ್ರಶ್ನೆಗಳು ಹೆಚ್ಚೂಕಡಿಮೆ ಇವೇ.

ಈಗ ಫ್ಲೋರೈಡ್ ಉದಾಹರಣೆಗೆ ಮೂರು ಪದರ ಹಾಕಿ.

ಸೆನ್ಸರ್ ಪದರದಲ್ಲಿ ಕೇಳಬೇಕಾದ್ದು: ನಮ್ಮ ಗಡಸು ನೀರು, ಏರಿದ ಪಿಎಚ್, ಬಿಸಿ, ಇವುಗಳಲ್ಲಿ ಎಲೆಕ್ಟ್ರೋಡಿನ ಜಾರಿಕೆಗೆ ಯಾವುದು ಎಷ್ಟು ಕಾರಣ? ಬಫರ್ ದ್ರಾವಣವನ್ನು ಎಷ್ಟು ಕಡಿಮೆ ಬಳಸಿ ನಡೆಸಬಹುದು? ಸರ್ಕ್ಯೂಟ್ ಪದರದಲ್ಲಿ: ಎಲೆಕ್ಟ್ರೋಡಿನಿಂದ ಕರೆಂಟ್ ಎಳೆಯದೆ, ಮಿಲಿವೋಲ್ಟಿನ ಹತ್ತನೆಯ ಭಾಗವನ್ನು ತಿಂಗಳುಗಟ್ಟಲೆ ನಿಚ್ಚಳವಾಗಿ ಓದುವ, ಹೆಚ್ಚು ಹೊತ್ತು ನಿದ್ದೆಯಲ್ಲಿದ್ದು ಬ್ಯಾಟರಿ ಉಳಿಸುವ ಮುಂಭಾಗದ ಸರ್ಕ್ಯೂಟ್ ಹೇಗಿರಬೇಕು? ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಸಂಕೇತವನ್ನು ಅದರಲ್ಲೇ ಸೇರಿಸಬಹುದೇ? ಸಂವಹನ ಪದರದಲ್ಲಿ: 865–868 ಮೆಗಾಹರ್ಟ್ಸ್‌ನ ಲೈಸೆನ್ಸ್ ಬೇಡದ ಬ್ಯಾಂಡಿನಲ್ಲಿ ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ತಲುಪುವ ರೇಡಿಯೋ) ಹಾಕುತ್ತೀರಿ ಎನ್ನಿ. ಎಲ್ಲಾ ಅಂಕಿ ಕಳಿಸಿದರೆ ಬ್ಯಾಟರಿ ಹೋಗುತ್ತದೆ. ಕಡಿಮೆ ಕಳಿಸಿದರೆ ಜಾರಿಕೆಯ ಗುರುತು ಸಿಗುವುದಿಲ್ಲ. ಅಕ್ಕಪಕ್ಕದ ಹಳ್ಳಿಗಳ ಓದುಗಳನ್ನು ಜೋಡಿಸಿ, ಎಷ್ಟು ಕಡಿಮೆ ಮಾಹಿತಿಯಿಂದ ಸೆನ್ಸರ್ ದೋಷವನ್ನು ನೀರಿನ ದೋಷದಿಂದ ಬೇರ್ಪಡಿಸಬಹುದು?

ಮೂರು ಪದರಗಳೂ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರಬೇಕು. ಒಂದನ್ನು ತೆಗೆದರೂ ಉಳಿದೆರಡು ಆರಾಮಾಗಿ ನಿಲ್ಲುತ್ತವೆ ಎಂದಾದರೆ ಮೂರನ್ನೂ ಒಂದೇ ಪ್ರಪೋಸಲ್‌ಗೆ ತುಂಬಬೇಡಿ. ಒಂದನ್ನೇ ಚೆನ್ನಾಗಿ ಮಾಡಿ.

ಹೆಜ್ಜೆ 3: ದುಡ್ಡು ಬರುವ ಮುಂಚೆಯೇ ಒಂದು ಗ್ರಾಫ್

ಮೊದಲ ಪ್ರಪೋಸಲ್‌ಗೆ ‘ಇವರ ಕೈಲಿ ಆಗುತ್ತಾ?’ ಎಂಬ ಅನುಮಾನ ಕಾದಿರುತ್ತದೆ. ನೀವೇ ಅಳೆದ ಒಂದು ಗ್ರಾಫ್ ಆ ಅನುಮಾನಕ್ಕೆ ಹತ್ತು ಪುಟದ ಪರಿಚಯಕ್ಕಿಂತ ಒಳ್ಳೆಯ ಉತ್ತರ.

ಸರ್ಕ್ಯೂಟ್ ಸಿಮ್ಯುಲೇಶನ್‌ಗೆ ದುಡ್ಡು ಬೇಡ. ಎನ್‌ಜಿಸ್ಪೈಸ್, ಎಕ್ಸ್‌ಸ್ಕೀಮ್, ಮ್ಯಾಜಿಕ್, ಕೆಲೇಔಟ್ ಎಲ್ಲ ಉಚಿತ. ಸ್ಕೈವಾಟರ್ ಕಂಪನಿಯ 130 ನ್ಯಾನೋಮೀಟರ್ ವಿನ್ಯಾಸ ಕಿಟ್ 2020ರಿಂದ ಮುಕ್ತವಾಗಿ ಸಿಗುತ್ತಿದೆ. ಸಣ್ಣ ಹಾರ್ಡ್‌ವೇರ್‌ಗೆ, ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಕೊಡುವ ನೆರವು ಇದೆ. ಮೊತ್ತ ಚಿಕ್ಕದು. ಕೊನೆಯ ವರ್ಷದ ನಾಲ್ಕು ಮಕ್ಕಳಿಗೆ ನಿಮ್ಮ ಪ್ರಶ್ನೆಯ ಒಂದು ಚೂರನ್ನು ಕೊಟ್ಟು, ಎಲೆಕ್ಟ್ರೋಡಿನ ಓದು ವಾರದಲ್ಲಿ ಎಷ್ಟು ಜಾರುತ್ತದೆ ಎಂದು ಅಳೆಸಲು ಅಷ್ಟು ಸಾಕು. ಬೆಂಗಳೂರಿಗೆ ಹೋಗಿ ಅಂಗಡಿಯಿಂದ ಸಿದ್ಧ ಪ್ರಾಜೆಕ್ಟ್ ಕೊಂಡು ತರುವ ಮಕ್ಕಳಿಗೂ ಇದರಿಂದ ಒಳ್ಳೆಯದು, ಆ ಮಾತು ಬೇರೆ.

ಸೆನ್ಸರನ್ನೇ ಸಿಲಿಕಾನ್ ಮೇಲೆ ಮಾಡಬೇಕೆಂದಿದ್ದರೆ ಐಎನ್‌ಯುಪಿ ಎಂಬ ಕಾರ್ಯಕ್ರಮ ನೋಡಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಐಟಿ ಸಚಿವಾಲಯದ ನೆರವಿನಿಂದ ಐಐಎಸ್‌ಸಿಯ ನ್ಯಾನೋ ಕೇಂದ್ರ ಮತ್ತು ಕೆಲವು ಐಐಟಿಗಳು ಹೊರಗಿನ ಕಾಲೇಜಿನವರಿಗೆ ತರಬೇತಿ ಕೊಟ್ಟು, ತಮ್ಮ ಕ್ಲೀನ್‌ರೂಮ್ ಬಳಸಲು ಬಿಡುತ್ತವೆ. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಬಜೆಟ್ಟಿನಲ್ಲಿ ಕೇಳುವುದಕ್ಕಿಂತ ಹೀಗೆ ಬಳಸುವುದು ಜಾಣತನ.

ಹೆಜ್ಜೆ 4: ಯಾವ ಬಾಗಿಲು?

ಎಲ್ಲ ಕಡೆ ಒಂದೇ ಪ್ರಪೋಸಲ್ ಕಳಿಸುವವರಿದ್ದಾರೆ. ಹೀಗೆ ಮಾಡಿದರೆ ಒಂದು ಕಡೆಯೂ ಹೊಂದುವುದಿಲ್ಲ. ಒಂದೊಂದು ಸಂಸ್ಥೆಗೆ ಒಂದೊಂದು ಹಸಿವು.

ಮೊದಲು ರಾಜ್ಯದ ಬಾಗಿಲು. ಕರ್ನಾಟಕ ಸರ್ಕಾರದ ವಿಜಿಎಸ್‌ಟಿ (ವಿಷನ್ ಗ್ರೂಪ್ ಆನ್ ಸೈನ್ಸ್ ಅಂಡ್ ಟೆಕ್ನಾಲಜಿ), ಪ್ರಯೋಗಾಲಯ ಕಟ್ಟಲು ಕೆ-ಫಿಸ್ಟ್, ಯುವ ಅಧ್ಯಾಪಕರ ಮೊದಲ ಹೆಜ್ಜೆಗೆ ಎಸ್‌ಎಂವೈಎಸ್‌ಆರ್ ಮುಂತಾದ ಹೆಸರುಗಳಲ್ಲಿ ನೆರವು ಕೊಡುತ್ತಾ ಬಂದಿದೆ. ಸ್ಪರ್ಧೆ ರಾಜ್ಯದೊಳಗಿನದು, ಜಿಲ್ಲೆಯ ಸಮಸ್ಯೆಯನ್ನು ಇಲ್ಲಿ ವಿವರಿಸಿ ಹೇಳಬೇಕಾಗಿಲ್ಲ, ಫ್ಲೋರೈಡ್ ಅಂದ ಕೂಡಲೇ ಅರ್ಥವಾಗುತ್ತದೆ. ಮೊದಲ ಅನುದಾನಕ್ಕೆ ನನ್ನ ಆಯ್ಕೆ ಇದೇ.

ರಾಷ್ಟ್ರಮಟ್ಟದಲ್ಲಿ ಈಗ ದೊಡ್ಡ ಬಾಗಿಲು ಎಎನ್‌ಆರ್‌ಎಫ್, ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ. 2023ರ ಕಾಯ್ದೆಯಿಂದ ಹುಟ್ಟಿ, ಹಳೆಯ ಎಸ್‌ಇಆರ್‌ಬಿಯನ್ನು (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ತನ್ನೊಳಗೆ ಸೇರಿಸಿಕೊಂಡಿತು. ಹಿರಿಯ ಸಹೋದ್ಯೋಗಿಗಳು ಇನ್ನೂ ‘ಸರ್ಬ್’ ಅಂತಲೇ ಕರೆಯುತ್ತಾರೆ, ಗೊಂದಲ ಬೇಡ. ಕೆಲಸಕ್ಕೆ ಸೇರಿ ಹೆಚ್ಚು ವರ್ಷವಾಗದವರಿಗೆ ಪ್ರಧಾನಮಂತ್ರಿ ಅರ್ಲಿ ಕರಿಯರ್ ಗ್ರಾಂಟ್ ಇದೆ. ಮೂರು ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ, ಅದರ ಮೇಲೆ ಸಂಸ್ಥೆಗೆ ಓವರ್‌ಹೆಡ್, ಅಂದರೆ ನಿರ್ವಹಣೆಯ ಖರ್ಚು. ವಯೋಮಿತಿ ಇದೆ, ಪೈಪೋಟಿ ಬಿಗಿ. ಐಐಟಿಯ ಹೊಸ ಅಧ್ಯಾಪಕರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

ನಮ್ಮಂಥವರಿಗೆಂದೇ ಎಸ್‌ಇಆರ್‌ಬಿ ಕಾಲದಲ್ಲಿ ರೂಪುಗೊಂಡದ್ದು ಟೇರ್. ರಾಜ್ಯ ವಿಶ್ವವಿದ್ಯಾಲಯ, ಖಾಸಗಿ ಕಾಲೇಜಿನ ಅಧ್ಯಾಪಕರು ಕೆಲಸ ಬಿಡದೆ, ವರ್ಷಕ್ಕೆ ಕನಿಷ್ಠ 90 ದಿನ ಐಐಎಸ್‌ಸಿ, ಐಐಟಿ, ಎನ್‌ಐಟಿಯಂಥ ಕಡೆ ಹೋಗಿ ಸಂಶೋಧನೆ ಮಾಡುವ ವ್ಯವಸ್ಥೆ. ಮೂರು ವರ್ಷ, ವರ್ಷಕ್ಕೆ 5 ಲಕ್ಷ ಸಂಶೋಧನೆಗೆ. ಅದರಲ್ಲಿ ಅರ್ಧ ಅಲ್ಲಿಗೆ, ಅರ್ಧ ನಿಮ್ಮ ಕಾಲೇಜಿಗೆ. ನಿಮ್ಮ ಕೈಗೆ ವರ್ಷಕ್ಕೆ 60 ಸಾವಿರ ಫೆಲೋಶಿಪ್. ಹಣ ಹೆಚ್ಚಲ್ಲ. ಆದರೆ ಆ ಮೂರು ವರ್ಷದಲ್ಲಿ ಸಿಗುವ ಒಡನಾಟ ಮುಂದಿನ ದೊಡ್ಡ ಪ್ರಪೋಸಲ್‌ಗೆ ಬುನಾದಿ. ಎಎನ್‌ಆರ್‌ಎಫ್ ಪೋರ್ಟಲ್‌ನಲ್ಲಿ ಇದರ ಕರೆ ತೆರೆದಿದೆಯೇ ಎಂದು ಆಗಾಗ ನೋಡುತ್ತಿರಿ. ಕರೆ ಬಂದ ದಿನ ಪ್ರಿನ್ಸಿಪಾಲರ ಬಳಿ 90 ದಿನದ ಒಪ್ಪಿಗೆ ಕೇಳಲು ಹೋದರೆ ಸಿಗುವುದಿಲ್ಲ. ಆ ಮಾತನ್ನು ಮುಂಚೆಯೇ ಆಡಿಟ್ಟಿರಿ.

ಚಿಪ್ ವಿನ್ಯಾಸದವರಿಗೆ ಸಿ2ಎಸ್, ಅಂದರೆ ಚಿಪ್ಸ್ ಟು ಸ್ಟಾರ್ಟಪ್. ಐದು ವರ್ಷಕ್ಕೆ 250 ಕೋಟಿಯ, 85,000 ಎಂಜಿನಿಯರುಗಳನ್ನು ತಯಾರು ಮಾಡುವ ಗುರಿಯ ಕಾರ್ಯಕ್ರಮ. ಚಿಪ್ ವಿನ್ಯಾಸಕ್ಕೆ ಬೇಕಾದ ದುಬಾರಿ ಇಡಿಎ ಸಾಫ್ಟ್‌ವೇರುಗಳನ್ನು ಬೆಂಗಳೂರಿನ ಸಿ-ಡ್ಯಾಕ್‌ನಲ್ಲಿರುವ ಚಿಪ್‌ಇನ್ ಕೇಂದ್ರದ ಮೂಲಕ ಕೊಡುತ್ತಾರೆ. ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿ ಎಸ್‌ಸಿಎಲ್‌ನಲ್ಲಿ 180 ನ್ಯಾನೋಮೀಟರ್ ತಂತ್ರದಲ್ಲಿ ಚಿಪ್ ಮಾಡಿಸುವ ದಾರಿಯೂ ಅದರಲ್ಲಿದೆ. ಇದು ವ್ಯಕ್ತಿಗಲ್ಲ, ಸಂಸ್ಥೆಗೆ. ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯೋ ಇಲ್ಲವೋ ಮೊದಲು ವಿಚಾರಿಸಿ. 180 ನ್ಯಾನೋಮೀಟರ್ ಹಳೆಯದಲ್ಲವೇ ಎಂದು ಮೂಗು ಮುರಿಯಬೇಡಿ. ಮೇಲೆ ಹೇಳಿದ ಎಲೆಕ್ಟ್ರೋಡ್ ಓದುವ ಅನಲಾಗ್ ಸರ್ಕ್ಯೂಟಿಗೆ ಅದು ಒಪ್ಪುವ ತಂತ್ರ. ಲೀಕೇಜ್ ಕಡಿಮೆ, ಸಹಿಸುವ ವೋಲ್ಟೇಜ್ ಹೆಚ್ಚು.

ಟೆಲಿಕಾಂನವರಿಗೆ ಟಿಟಿಡಿಎಫ್, ಅಂದರೆ ಟೆಲಿಕಾಂ ತಂತ್ರಜ್ಞಾನ ಅಭಿವೃದ್ಧಿ ನಿಧಿ. 2022ರ ಅಕ್ಟೋಬರ್ 1ರಂದು ಶುರುವಾದ ನಿಧಿ, ಈಗ ಡಿಜಿಟಲ್ ಭಾರತ್ ನಿಧಿಯ ಅಡಿ ಇದೆ. ಗ್ರಾಮೀಣ ಸಂಪರ್ಕಕ್ಕೆ ಬೇಕಾದ ತಂತ್ರಜ್ಞಾನವೇ ಇದರ ಗುರಿ. ಇಲ್ಲಿ ಬರೀ ಪೇಪರ್ ಬರೆಯುತ್ತೇವೆ ಎಂದರೆ ನಡೆಯದು, ಕೆಲಸ ಮಾಡುವ ಮಾದರಿ ಬೇಕು. ಕಂಪನಿಯನ್ನೋ ಸ್ಟಾರ್ಟಪ್ಪನ್ನೋ ಜೊತೆಗೆ ಕರೆದುಕೊಂಡು ಹೋಗುವುದು ಲೇಸು.

2018ರ ಡಿಸೆಂಬರಿನಲ್ಲಿ 3,660 ಕೋಟಿಗೆ ಒಪ್ಪಿಗೆ ಪಡೆದ ಸೈಬರ್-ಫಿಸಿಕಲ್ ಮಿಷನ್ ದೇಶದಲ್ಲಿ 25 ಹಬ್‌ಗಳನ್ನು ಮಾಡಿತು. ಅವುಗಳಲ್ಲಿ ಮುಂದುವರಿದ ಸಂವಹನ ವ್ಯವಸ್ಥೆಗಳದ್ದು ಐಐಐಟಿ ಬೆಂಗಳೂರಿನ ಕಾಮೆಟ್. ಸೆನ್ಸರ್, ನೆಟ್‌ವರ್ಕಿಂಗ್ ಐಐಟಿ ಮದ್ರಾಸಿನ ಪ್ರವರ್ತಕ್ ಕೈಲಿದೆ. ಕೃಷಿ ಮತ್ತು ನೀರು ಐಐಟಿ ರೋಪರ್‌ನಲ್ಲಿ. ಈ ಹಬ್‌ಗಳು ಆಗಾಗ ತಾವೇ ಪ್ರಪೋಸಲ್ ಕರೆಯುತ್ತವೆ. ಬಹಳ ಜನ ದೆಹಲಿಯ ಪೋರ್ಟಲ್ ನೋಡುತ್ತಾರೆ, ಹಬ್‌ಗಳ ಪುಟ ನೋಡುವುದೇ ಇಲ್ಲ.

ಇಸ್ರೋದ ರೆಸ್ಪಾಂಡ್ ಮತ್ತು ಡಿಆರ್‌ಡಿಒದ ಹೊರಸಂಶೋಧನಾ ಯೋಜನೆಗಳ ರೀತಿಯೇ ಬೇರೆ. ನಿಮ್ಮ ಸಮಸ್ಯೆ ಅವರಿಗೆ ಬೇಡ, ಅವರ ಸಮಸ್ಯೆ ನೀವು ಬಿಡಿಸಬೇಕು. ಇಸ್ರೋ ತನ್ನ ಕೇಂದ್ರಗಳಿಗೆ ಬೇಕಾದ ವಿಷಯಗಳ ಪಟ್ಟಿಯನ್ನು ರೆಸ್ಪಾಂಡ್ ಬಾಸ್ಕೆಟ್ ಹೆಸರಲ್ಲಿ ಪ್ರಕಟಿಸಿದೆ. ಅದರಲ್ಲಿ ಆಂಟೆನಾ, ಆರ್‌ಎಫ್ ಸರ್ಕ್ಯೂಟ್‌ಗಳಿಗೆ ಒಳ್ಳೆಯ ಜಾಗವಿದೆ. ಡಿಆರ್‌ಡಿಒದಲ್ಲಿ ಯಾವುದಾದರೂ ಲ್ಯಾಬಿನ ವಿಜ್ಞಾನಿಗೆ ನಿಮ್ಮ ವಿಷಯದಲ್ಲಿ ಆಸಕ್ತಿ ಹುಟ್ಟದೆ ಕಡತ ಮುಂದೆ ಸರಿಯುವುದು ಕಷ್ಟ. ರೇಡಾರಿನ ಎಲ್‌ಆರ್‌ಡಿಇ, ಚಾಲಕರಹಿತ ವಿಮಾನದ ಎಡಿಇ ಎರಡೂ ಬೆಂಗಳೂರಿನಲ್ಲಿವೆ. ಚಳ್ಳಕೆರೆಯ ನೆಲೆ ಹತ್ತಿರವಿದೆ ಎಂದು ಅಲ್ಲಿಗೇ ನಡೆದು ಹೋಗಿ ವಿಚಾರಿಸುವ ಹಾಗಿಲ್ಲ!

ಹೆಜ್ಜೆ 5: ಜೊತೆಗಾರರು

ಫ್ಲೋರೈಡ್ ಪ್ರಪೋಸಲ್‌ಗೆ ರಸಾಯನಶಾಸ್ತ್ರದವರೊಬ್ಬರು ಬೇಕೇ ಬೇಕು. ಅವರು ನಿಮ್ಮ ಕಾಲೇಜಿನ ಮೊದಲ ವರ್ಷದ ವಿಭಾಗದಲ್ಲೇ ಇರುತ್ತಾರೆ, ಅಥವಾ ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದಲ್ಲಿ. ಕುದಾಪುರದಲ್ಲಿ ಐಐಎಸ್‌ಸಿಯ ಚಳ್ಳಕೆರೆ ಆವರಣವಿದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದ ತರಬೇತಿಗೆ ಹೋದರೆ ಪರಿಚಯಗಳು ಬೆಳೆಯುತ್ತವೆ. ಮಾದರಿ ತೆಗೆಯಲು ಗ್ರಾಮ ಪಂಚಾಯಿತಿಯ ಒಪ್ಪಿಗೆ ಪತ್ರ ಸಣ್ಣದಾಗಿ ಕಂಡರೂ ತೂಕದ್ದು. ಪಿಡಿಒ ಅವರನ್ನು ಒಮ್ಮೆ ಭೇಟಿಯಾಗಿ, ಘಟಕದಲ್ಲಿ ಒಂದು ಪೆಟ್ಟಿಗೆ ಇಡಲು ಅವಕಾಶ ಕೊಡುತ್ತೇವೆಂದು ಬರೆಸಿಕೊಂಡು ಬನ್ನಿ.

ಹೆಸರಿಗಾಗಿ ದೊಡ್ಡವರನ್ನು ಕೋ-ಪಿಐ (ಪಿಐ ಅಂದರೆ ಮುಖ್ಯ ಸಂಶೋಧಕ, ಅವರ ಜೊತೆಗಾರ) ಮಾಡಿಕೊಳ್ಳುವ ಅಭ್ಯಾಸ ಬಿಡಿ. ಮಂಡನೆಯ ದಿನ ‘ಇದರಲ್ಲಿ ಅವರ ಕೆಲಸ ಏನು?’ ಎಂದು ಕೇಳಿದರೆ ಉತ್ತರ ಇರಬೇಕು.

ಹೆಜ್ಜೆ 6: ಬರವಣಿಗೆ

ಸಾರಾಂಶವನ್ನು ಮೊದಲು ಕನ್ನಡದಲ್ಲಿ ಬರೆದು ನೋಡಿ. ಅರ್ಜಿ ಇಂಗ್ಲಿಷಿನಲ್ಲೇ ಹೋಗಬೇಕು, ನಿಜ. ಆದರೆ ಗೊತ್ತಿಲ್ಲದ್ದನ್ನು ‘ನಾವೆಲ್’, ‘ರೋಬಸ್ಟ್’, ‘ಸ್ಟೇಟ್ ಆಫ್ ದಿ ಆರ್ಟ್’ಗಳ ಹಿಂದೆ ಮುಚ್ಚಿಡುವುದು ಕನ್ನಡದಲ್ಲಿ ಅಷ್ಟು ಸಲೀಸಲ್ಲ. ಮನೆಯಲ್ಲಿ ಓದಿ ಹೇಳಿದಾಗ ಅರ್ಥವಾದರೆ ಆಮೇಲೆ ಇಂಗ್ಲಿಷಿಗೆ ಕೂತುಕೊಳ್ಳಿ.

ಉದ್ದೇಶಗಳು ಮೂರು ಸಾಕು, ಏಳು ಬೇಡ. ಒಂದೊಂದೂ ಅಳೆಯುವಂತಿರಲಿ. ‘ಸೆನ್ಸರ್ ಅಭಿವೃದ್ಧಿಪಡಿಸುವುದು’ ಎಂದರೆ ಯಾವಾಗ ಮುಗಿಯಿತು ಎಂದು ಯಾರಿಗೂ ತಿಳಿಯದು. ‘90 ದಿನ ಯಾರೂ ಮುಟ್ಟದೆ, ಲ್ಯಾಬ್ ಅಳತೆಗೆ ಹೋಲಿಸಿದರೆ ಶೇ 10ರೊಳಗಿನ ತಪ್ಪು’ ಎಂದು ಬರೆದರೆ ಸೋಲು ಗೆಲುವು ಕಣ್ಣಿಗೆ ಕಾಣುತ್ತದೆ. ಶೇ 10 ಏಕೆ ಎಂದು ಕೇಳಿದರೆ ಮಿಲಿವೋಲ್ಟಿನ ಲೆಕ್ಕ ತೋರಿಸಿ: ಸುಮಾರು ಎರಡೂವರೆ ಮಿಲಿವೋಲ್ಟಿನೊಳಗೆ ಜಾರಿಕೆಯನ್ನು ಹಿಡಿದಿಡಬೇಕು ಎಂದಾಯಿತು.

ಬೇರೆಯವರು ಏನು ಮಾಡಿದ್ದಾರೆ ಎಂಬ ಭಾಗದಲ್ಲಿ ಮೂವತ್ತು ಪೇಪರುಗಳ ಹೆಸರನ್ನು ಸಾಲಾಗಿ ಜೋಡಿಸುವುದು ನಮ್ಮ ಪಿಎಚ್‌ಡಿ ಚಾಳಿ. ಅದರ ಬದಲು ನಾಲ್ಕೈದನ್ನು ತೆಗೆದುಕೊಂಡು, ಒಂದೊಂದೂ ಎಲ್ಲಿ ನಿಂತುಹೋಯಿತು ಎಂದು ಹೇಳಿ. ಬಹುಮಟ್ಟಿಗೆ ಅವು ಲ್ಯಾಬಿನ ಶುದ್ಧ ದ್ರಾವಣದಲ್ಲಿ ಅಳೆದು ನಿಲ್ಲಿಸಿರುತ್ತವೆ. ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ಯೋಜನೆ ತಪ್ಪಿದರೆ ಏನು ಮಾಡುತ್ತೀರಿ ಎಂದೂ ಬರೆಯಿರಿ. ಬಫರ್ ಇಲ್ಲದೆ ಅಳೆಯಲಾಗದಿದ್ದರೆ ಸಣ್ಣ ಪಂಪಿನಿಂದ ಹನಿ ಹನಿ ಬೆರೆಸುವ ಎರಡನೆಯ ದಾರಿ ಇದೆ ಎಂದು ತೋರಿಸಿ. ಇದನ್ನು ದೌರ್ಬಲ್ಯ ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು. ಓದುವವರು ಹುಡುಕುವುದು ಅದನ್ನೇ.

ಒಂದು ತಾಂತ್ರಿಕ ಮಾತು. 865–868 ಬ್ಯಾಂಡಿಗೆ ಲೈಸೆನ್ಸ್ ಬೇಡವಾದರೂ ಶಕ್ತಿಯ ಮಿತಿ ಇದೆ, ಬಳಸುವ ಮಾಡ್ಯೂಲಿಗೆ ಇಟಿಎ (ಉಪಕರಣ ಮಾದರಿಯ) ಅನುಮೋದನೆ ಬೇಕು. ಬೇರೆ ಬ್ಯಾಂಡಿನಲ್ಲಿ ಪ್ರಸಾರ ಮಾಡಿ ಪ್ರಯೋಗ ಮಾಡುವುದಿದ್ದರೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಪ್ರಾಯೋಗಿಕ ಲೈಸೆನ್ಸ್ ತೆಗೆದುಕೊಳ್ಳಬೇಕು. ಡ್ರೋನ್ ಹಾರಿಸುವ ಯೋಚನೆ ಇದ್ದರೆ, ಅದರಲ್ಲೂ ಚಳ್ಳಕೆರೆ ಕಡೆ, ಎಲ್ಲಿ ಹಾರಿಸಬಹುದೆಂದು ತೋರಿಸುವ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಆ ಸಾಲು ಬರೆಯಬೇಡಿ.

ಹೆಜ್ಜೆ 7: ಬಜೆಟ್

ಮೊತ್ತ ದೊಡ್ಡದಾದರೆ ತಿರಸ್ಕರಿಸುತ್ತಾರೆ ಎಂಬ ಭಯದಲ್ಲಿ ಕಡಿಮೆ ಕೇಳಿ ಆಮೇಲೆ ಒದ್ದಾಡುವುದುಂಟು. ಲೆಕ್ಕ ನೇರವಾಗಿದ್ದರೆ ಸಾಕು, ಭಯ ಬೇಡ.

ಸಂಶೋಧನಾ ಸಹಾಯಕರಿಂದ ಶುರು ಮಾಡಿ. 2023ರ ಜನವರಿಯಿಂದ ಜೆಆರ್‌ಎಫ್‌ಗೆ (ಕಿರಿಯ ಸಂಶೋಧನಾ ಫೆಲೋ) ತಿಂಗಳಿಗೆ 37,000, ಎಸ್‌ಆರ್‌ಎಫ್‌ಗೆ (ಹಿರಿಯ ಫೆಲೋ) 42,000 ಎಂದು ಕೇಂದ್ರ ದರ ನಿಗದಿಯಾಗಿತ್ತು. ಅರ್ಜಿಯ ಹೊತ್ತಿಗೆ ಇರುವ ದರವನ್ನೇ ಹಾಕಿ. ಆ ಲೆಕ್ಕದಲ್ಲಿ ಎರಡು ವರ್ಷ ಜೆಆರ್‌ಎಫ್, ಮೂರನೆಯ ವರ್ಷ ಎಸ್‌ಆರ್‌ಎಫ್ ಆದರೆ 8.88 ಲಕ್ಷ ಮತ್ತು 5.04 ಲಕ್ಷ, ಒಟ್ಟು 13.92 ಲಕ್ಷ. ಇದರ ಮೇಲೆ ಊರಿನ ವರ್ಗಕ್ಕೆ ತಕ್ಕ ಮನೆ ಬಾಡಿಗೆ ಭತ್ಯೆ. ಮೂವತ್ತು ಲಕ್ಷದ ಯೋಜನೆಯಲ್ಲಿ ಅರ್ಧದಷ್ಟು ಇಲ್ಲೇ ಹೋಯಿತು, ನೋಡಿ! ಹಾಗಂತ ಇದನ್ನು ಕಡಿಯಬೇಡಿ. ಹಳ್ಳಿಗೆ ಹೋಗಿ ಮಾದರಿ ತರುವವರು ಇಲ್ಲದೆ ಸೆನ್ಸರ್ ಪೆಟ್ಟಿಗೆ ಬೀರುವಿನಲ್ಲೇ ಉಳಿಯುತ್ತದೆ.

ಉಪಕರಣಕ್ಕೆ ಕೊಟೇಶನ್ ಹಚ್ಚಿ. ಸಂಶೋಧನಾ ಸಂಸ್ಥೆಗಳಿಗೆ ಇದ್ದ ಶೇ 5ರ ರಿಯಾಯಿತಿ ಜಿಎಸ್‌ಟಿ ದರ 2022ರ ಜುಲೈನಲ್ಲಿ ಹೋಯಿತು. ಹಳೆಯ ಪ್ರಪೋಸಲ್‌ನಿಂದ ನಕಲು ಮಾಡಿದರೆ ಇಲ್ಲೇ ಸಿಕ್ಕಿಬೀಳುತ್ತೀರಿ. ಸ್ಪೆಕ್ಟ್ರಮ್ ಅನಲೈಸರ್ ಕೇಳುವ ಮುಂಚೆ ಕಾಲೇಜಿನಲ್ಲಿ ಇದೆಯೇ ವಿಚಾರಿಸಿ, ಇದ್ದರೆ ‘ಲಭ್ಯವಿದೆ’ ಎಂದು ಬರೆಯಿರಿ. ಡೆಸ್ಕ್‌ಟಾಪ್, ಪ್ರಿಂಟರ್ ಕೇಳಿದರೆ ಬೆಲೆ ಕಡಿಮೆಯಾದರೂ ಮುಖಭಂಗವೇ ಹೆಚ್ಚು.

ಪ್ರಯಾಣದ ಬಾಬತ್ತಿನಲ್ಲಿ ಸಮ್ಮೇಳನಕ್ಕಿಂತ ಫೀಲ್ಡ್ ಓಡಾಟಕ್ಕೆ ಹೆಚ್ಚು ಇಡಿ. ಸಾಮಗ್ರಿಯಲ್ಲಿ ಬಫರ್ ರಾಸಾಯನಿಕ, ಬದಲಿ ಎಲೆಕ್ಟ್ರೋಡ್, ಪಿಸಿಬಿ ಮಾಡಿಸುವ ಖರ್ಚು, ಬ್ಯಾಟರಿ. ಪಿಸಿಬಿ ಮೊದಲ ಸಲವೇ ಸರಿಹೋಗುವುದಿಲ್ಲ, ಮೂರು ಸುತ್ತಿಗೆ ಲೆಕ್ಕ ಹಾಕಿ.

ಹೆಜ್ಜೆ 8: ಕಾಗದಪತ್ರ

ಕೊನೆಯ ವಾರಕ್ಕೆ ಬಿಟ್ಟರೆ ಕೆಡುವುದು ಇದೊಂದೇ. ಸಂಸ್ಥೆಯ ಮುಖ್ಯಸ್ಥರ ಎಂಡಾರ್ಸ್‌ಮೆಂಟ್ ಪತ್ರ, ಪಿಐ ಮುಚ್ಚಳಿಕೆ, ಕೋ-ಪಿಐ ಒಪ್ಪಿಗೆ, ಟ್ರಸ್ಟ್ ನಡೆಸುವ ಕಾಲೇಜಾದರೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನ ನೋಂದಣಿ ಸಂಖ್ಯೆ, ಹಣ ಬರುವ ಖಾತೆಗೆ ಕೇಂದ್ರದ ಹಣ ಪಾವತಿ ವ್ಯವಸ್ಥೆ ಪಿಎಫ್‌ಎಂಎಸ್‌ನಲ್ಲಿ ನೋಂದಣಿ. ಪತ್ರದ ಒಕ್ಕಣೆಯನ್ನು ಪೋರ್ಟಲ್ ಕೊಟ್ಟ ನಮೂನೆಯಲ್ಲೇ, ಲೆಟರ್‌ಹೆಡ್ ಮೇಲೆ, ಸೀಲು ಹಾಕಿಸಿ. ದಾವಣಗೆರೆಯ ಖಾಸಗಿ ಕಾಲೇಜಿಗೂ ವಿಟಿಯು ಘಟಕ ಕಾಲೇಜಾದ ಯುಬಿಡಿಟಿಗೂ ಸಹಿ ಮಾಡುವ ಅಧಿಕಾರ ಬೇರೆ ಬೇರೆ ಕಡೆ ಇರಬಹುದು. ಯಾರ ಸಹಿ ಎಂದು ಮೊದಲೇ ತಿಳಿದುಕೊಳ್ಳಿ.

ಹೆಜ್ಜೆ 9: ಮಂಡನೆ, ತಿರಸ್ಕಾರ

ಕರೆದರೆ ಹತ್ತು ನಿಮಿಷ ಸಿಗಬಹುದು. ಕಾಲೇಜಿನ ಇತಿಹಾಸ, ಕಟ್ಟಡದ ಫೋಟೊ, ನ್ಯಾಕ್ ಗ್ರೇಡ್ ಬಿಟ್ಟು ಎರಡನೆಯ ಸ್ಲೈಡಿಗೇ ನೀರೋ ಸೆನ್ಸರೋ ಎಂಬ ಪ್ರಶ್ನೆಗೆ ಬನ್ನಿ, ಮೂರನೆಯದಕ್ಕೆ ನಿಮ್ಮ ಗ್ರಾಫಿಗೆ. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ, ಹೀಗೆ ಪರೀಕ್ಷಿಸುತ್ತೇವೆ ಎನ್ನಿ.

ತಿರಸ್ಕೃತವಾದರೆ ವಿಮರ್ಶಕರ ಟಿಪ್ಪಣಿ ಸಿಗುತ್ತದೆಯೇ ನೋಡಿ, ಕೇಳಿ ಪಡೆಯಿರಿ. ‘ಹೊಸತನವಿಲ್ಲ’ ಎಂದಿದ್ದರೆ ಮೊದಲ ಹೆಜ್ಜೆಗೆ ವಾಪಸ್. ‘ಮಾಡಲು ಸಾಧ್ಯವೇ’ ಎಂದಿದ್ದರೆ ಇನ್ನಷ್ಟು ಅಳತೆ ಮಾಡಿ. ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂದಿದ್ದರೆ ಬಾಗಿಲು ತಪ್ಪಿದ್ದೀರಿ ಅಷ್ಟೆ. ಅದೇ ಪ್ರಪೋಸಲ್‌ನ ಸಂವಹನ ಪದರವನ್ನು ಮುಂದೆ ತಂದು ಟೆಲಿಕಾಂ ನಿಧಿಗೋ, ಸರ್ಕ್ಯೂಟನ್ನು ಮುಂದೆ ತಂದು ಇನ್ನೊಂದಕ್ಕೋ ಹೊಂದಿಸಬಹುದು.

ಹೆಜ್ಜೆ 10: ಮಂಜೂರಾದ ಮೇಲೆ

ಸ್ಯಾಂಕ್ಷನ್ ಆರ್ಡರ್ ಬಂದ ದಿನ ಸಿಹಿ ಹಂಚುವ ಮೊದಲು ಅದನ್ನು ಪೂರ್ತಿ ಓದಿ. ಯಾವ ಬಾಬತ್ತಿಗೆ ಎಷ್ಟು, ಒಂದರಿಂದ ಇನ್ನೊಂದಕ್ಕೆ ಅನುಮತಿಯಿಲ್ಲದೆ ವರ್ಗಾಯಿಸಬಹುದೇ, ಖರೀದಿ ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್‌ನಲ್ಲೇ ಆಗಬೇಕೇ, ಎಲ್ಲ ಅದರಲ್ಲಿದೆ. ಕಾಲೇಜಿನ ಅಕೌಂಟ್ಸ್ ವಿಭಾಗದವರ ಜೊತೆ ಕೂತು ಪ್ರತ್ಯೇಕ ಲೆಜರ್ ತೆರೆಸಿ. ಜೆಆರ್‌ಎಫ್ ಜಾಹೀರಾತನ್ನು ಅದೇ ವಾರ ಕೊಡಿ. ಅರ್ಹರು ಸಿಗಲು ತಿಂಗಳುಗಳೇ ಬೇಕಾಗಬಹುದು, ಅಷ್ಟರಲ್ಲಿ ಬೇಸಿಗೆಯ ಮಾದರಿಗಳು ಕೈತಪ್ಪುತ್ತವೆ.

ಹಣ ಕಂತಿನಲ್ಲಿ ಬರುತ್ತದೆ. ಹಿಂದಿನದ್ದರ ಖರ್ಚಿನ ವಿವರ, ಜಿಎಫ್‌ಆರ್ 12-ಎ ನಮೂನೆಯ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಹೋಗದೆ ಮುಂದಿನ ಕಂತು ಬರುವುದಿಲ್ಲ. ಲೆಕ್ಕ ಮಾರ್ಚ್ 31ಕ್ಕೆ ಮುಗಿಯುತ್ತದೆ. ಕಾಲೇಜಿನ ಆಡಿಟರ್ ಏಪ್ರಿಲ್‌ನಲ್ಲಿ ಇಡೀ ಸಂಸ್ಥೆಯ ಲೆಕ್ಕದಲ್ಲಿ ಮುಳುಗಿರುತ್ತಾರೆ. ಫೆಬ್ರವರಿಯಲ್ಲೇ ಬಿಲ್ಲುಗಳನ್ನು ಬಾಬತ್ತಿನ ಪ್ರಕಾರ ಜೋಡಿಸಿ ಅವರ ಮೇಜಿಗೆ ಮುಟ್ಟಿಸಿ. ಖರ್ಚಾಗದ ಹಣ, ಖಾತೆಯಲ್ಲಿ ಅದಕ್ಕೆ ಬಂದ ಬಡ್ಡಿ ಎರಡನ್ನೂ ಕೊನೆಗೆ ಹಿಂದಿರುಗಿಸಬೇಕು. ಆ ಬಡ್ಡಿಯ ಅಂಕಿಯನ್ನು ಬ್ಯಾಂಕಿನಿಂದ ಪ್ರತಿ ವರ್ಷವೂ ಬರೆಸಿಟ್ಟುಕೊಂಡರೆ ಮೂರನೆಯ ವರ್ಷದ ಕೊನೆಯಲ್ಲಿ ಹಳೆಯ ಪಾಸ್‌ಬುಕ್ ಹುಡುಕುವ ಪ್ರಮೇಯ ಬರುವುದಿಲ್ಲ.